ಮೊದಲು ಅರಗಿಸಿ ಆಮೇಲೆ ತಿನ್ನುವ ಜೀವಿ: ಶಿಲೀಂಧ್ರ ನಮಗೆ ಮದ್ದೂ ಹೌದು, ವಿಷವೂ ಹೌದು

ಶಿಲೀಂಧ್ರಕ್ಕೆ ಬಾಯಿ ಇಲ್ಲ, ಹೊಟ್ಟೆಯೂ ಇಲ್ಲ. ಆದ್ರೂ ಅದು ತಿನ್ನದ ವಸ್ತು ಹುಡುಕುವುದು ಕಷ್ಟ. ಮರ, ಒಣ ಎಲೆ, ಹಣ್ಣು, ಕಾಳು, ಚರ್ಮದ ಬೆಲ್ಟು, ಹಳೇ ಪುಸ್ತಕದ ರಟ್ಟು, ನಮ್ಮ ಕಾಲಿನ ಉಗುರು, ಎಲ್ಲಕ್ಕೂ ಯಾವುದೋ ಒಂದು ಶಿಲೀಂಧ್ರ ಗಿರಾಕಿ ಇದ್ದೇ ಇರುತ್ತದೆ. ಅದು ಊಟ ಮಾಡುವ ಕ್ರಮ ಮಾತ್ರ ನಮಗೆ ಪೂರ್ತಿ ಉಲ್ಟಾ. ನಾವು ಮೊದಲು ತಿಂದು ಆಮೇಲೆ ಅರಗಿಸಿಕೊಳ್ಳುತ್ತೇವೆ. ಅದು ಮೊದಲು ಅರಗಿಸಿ ಆಮೇಲೆ ತಿನ್ನುತ್ತದೆ. ಕೂತ ಜಾಗದಲ್ಲೇ ಕಿಣ್ವಗಳನ್ನು ಹೊರಗೆ ಬಿಡುತ್ತದೆ, ಆ ಕಿಣ್ವಗಳು ಎದುರಿಗಿರುವುದನ್ನು ಸಕ್ಕರೆ, ಅಮೈನೊ ಆಮ್ಲದಂಥ ಸಣ್ಣ ಸಣ್ಣ ಅಣುಗಳಾಗಿ ಒಡೆಯುತ್ತವೆ, ಹಾಗೆ ಕರಗಿ ಬಂದ ರಸವನ್ನು ಅದು ಮೈಯಿಂದಲೇ ಹೀರಿಕೊಳ್ಳುತ್ತದೆ.

ಇದೊಂದು ಅರ್ಥವಾದರೆ ಉಳಿದದ್ದು ಅರ್ಧ ಅರ್ಥವಾದ ಹಾಗೆ. ಯಾಕೆಂದರೆ ಅಡುಗೆಯನ್ನು ಹೊರಗೆ ಬಯಲಲ್ಲಿ ಮಾಡಿಟ್ಟರೆ ಕದಿಯುವವರು ಬರುತ್ತಾರೆ ಅಲ್ವಾ? ಶಿಲೀಂಧ್ರದ ಸುತ್ತ ಬ್ಯಾಕ್ಟೀರಿಯಾ ಕಾದು ಕೂತಿರುತ್ತವೆ, ಪಕ್ಕದಲ್ಲಿ ಬೇರೆ ಶಿಲೀಂಧ್ರಗಳೂ ಇರುತ್ತವೆ, ಹುಳಗಳೂ ಬರುತ್ತವೆ. ಓಡಿಸುವುದಕ್ಕೆ ಕೈಕಾಲಿಲ್ಲ. ಹಾಗಾಗಿ ಅದು ರಾಸಾಯನಿಕಗಳನ್ನು ತಯಾರಿಸುತ್ತದೆ. ಬೇರೆಯವರ ಬೆಳವಣಿಗೆ ನಿಲ್ಲಿಸುವವು, ನರ ಕೆಡಿಸುವವು, ಜೀವಕೋಶವನ್ನೇ ಒಡೆಯುವವು, ಹೀಗೆ ತರಾವರಿ. ನಮ್ಮ ಪಾಲಿಗೆ ಇವುಗಳಲ್ಲಿ ಕೆಲವು ಔಷಧಿಯಾದವು, ಕೆಲವು ವಿಷವಾದವು. ಯಾವುದೂ ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. "ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ" ಅಂತ ಎರಡು ಪಟ್ಟಿ ಮಾಡಿ ಕಲಿಸುವುದು ನನಗೆ ಅಷ್ಟಾಗಿ ಒಪ್ಪಿಗೆಯಾಗದೇ ಇರುವುದು ಇದಕ್ಕೇ.

ಅದರ ದೇಹ ಹೇಗಿರುತ್ತದೆ ಅನ್ನುವುದನ್ನೂ ಸ್ವಲ್ಪ ನೋಡಿಬಿಡೋಣ. ನಾವು ನೋಡುವ ಅಣಬೆ ಪೂರ್ತಿ ಜೀವಿ ಅಲ್ಲ, ಅದು ಬೀಜಕಗಳನ್ನು ಗಾಳಿಗೆ ತೂರಲು ಸ್ವಲ್ಪ ದಿನದ ಮಟ್ಟಿಗೆ ಮೇಲೆದ್ದ ಭಾಗ ಅಷ್ಟೇ. ನಿಜವಾದ ಮೈ ಮಣ್ಣೊಳಗೆ ಅಥವಾ ಮರದೊಳಗೆ ಎಳೆಎಳೆಯಾಗಿ ಹರಡಿರುತ್ತದೆ. ಒಂದೊಂದು ಎಳೆಯೂ ಸಾಮಾನ್ಯವಾಗಿ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ತೆಳು. ಬಿಡಿ ಎಳೆ ಬರಿಗಣ್ಣಿಗೆ ಕಾಣುವುದಿಲ್ಲ, ಸಾವಿರಾರು ಸೇರಿದಾಗ ಬಿಳಿ ಹತ್ತಿಯ ಹಾಗೆ ಕಾಣುತ್ತದೆ. ಅಮೆರಿಕದ ಆರೆಗಾನ್‌ನಲ್ಲಿರುವ ಮಲೂರ್ ಕಾಡಿನಲ್ಲಿ ಆರ್ಮಿಲೇರಿಯಾ ಜಾತಿಯ ಒಂದೇ ಒಂದು ಶಿಲೀಂಧ್ರ ಸುಮಾರು 9 ಚದರ ಕಿಲೋಮೀಟರ್ ಹಬ್ಬಿದೆ. ವಯಸ್ಸು 2,000 ವರ್ಷಕ್ಕೂ ಜಾಸ್ತಿ ಅಂತ ಅಂದಾಜು. ಮೇಲೆ ನಡೆದು ಹೋಗುವವರಿಗೆ ಒಣಗುತ್ತಿರುವ ಮರಗಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಎಲ್ಲ ಶಿಲೀಂಧ್ರವೂ ಹೀಗೆ ಎಳೆಯಾಗಿ ಇರುವುದಿಲ್ಲ. ಯೀಸ್ಟ್ ಕೂಡ ಶಿಲೀಂಧ್ರವೇ, ಆದರೆ ಅದು ಒಂಟಿ ಕೋಶ.

ಬಹಳ ಕಾಲ ಇವನ್ನು ಗಿಡಗಳ ಜೊತೆಗೇ ಸೇರಿಸುತ್ತಿದ್ದರು. 1969ರಲ್ಲಿ ರಾಬರ್ಟ್ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಒಂದು ಬೇರೆ ಸಾಮ್ರಾಜ್ಯವನ್ನೇ ಕೊಟ್ಟರು. ಆಮೇಲೆ ಜೀನ್‌ಗಳನ್ನು ಹೋಲಿಸಿ ನೋಡಿದರೆ ಇನ್ನೂ ಮಜಾ ಆಯಿತು: ಶಿಲೀಂಧ್ರಕ್ಕೆ ಗಿಡಕ್ಕಿಂತ ಪ್ರಾಣಿಗಳೇ ಹತ್ತಿರದ ನಂಟರು. ಅಂದರೆ ನಾವು. ಅವುಗಳ ಕೋಶದ ಗೋಡೆಯಲ್ಲಿರುವ ಕೈಟಿನ್ ಏಡಿಯ ಚಿಪ್ಪಿನಲ್ಲೂ ಇದೆ. ಉಳಿದ ಆಹಾರವನ್ನು ಅವು ಗಿಡಗಳ ಹಾಗೆ ಪಿಷ್ಟವಾಗಿ ಅಲ್ಲ, ನಮ್ಮ ಹಾಗೆ ಗ್ಲೈಕೋಜನ್ ಆಗಿ ಕೂಡಿಡುತ್ತವೆ. ಈ ನಂಟಸ್ತಿಕೆಯಿಂದ ನಮಗೊಂದು ದೊಡ್ಡ ತಲೆನೋವು ಇದೆ, ಅದು ಆಮೇಲೆ ಬರುತ್ತದೆ.

ಮೊದಲು ಉಪಕಾರದ ಕಡೆ. ಕಣ್ಣಿಗೆ ಬೀಳದೇ ನಡೆಯುವ ಉಪಕಾರವೇ ಎಲ್ಲಕ್ಕಿಂತ ದೊಡ್ಡದು. ಬಿದ್ದ ಮರದಲ್ಲಿ ಲಿಗ್ನಿನ್ ಅನ್ನುವ ಗಟ್ಟಿ ವಸ್ತು ಇರುತ್ತದೆ, ಅದನ್ನು ಪೂರ್ತಿ ಒಡೆಯುವ ತಾಕತ್ತು ಮುಖ್ಯವಾಗಿ ಕೆಲವು ಶಿಲೀಂಧ್ರಗಳಿಗೆ ಮಾತ್ರ ಇದೆ. ಇನ್ನು ಬದುಕಿರುವ ಗಿಡಗಳಲ್ಲಿ ಬಹುಪಾಲು ಬೇರಿನಲ್ಲಿ ಒಂದು ಶಿಲೀಂಧ್ರವನ್ನು ಸಾಕಿಕೊಂಡಿವೆ. ಬೇರು ತಲುಪಲಾರದ ಸಂದುಗಳಿಗೆ ಶಿಲೀಂಧ್ರದ ಎಳೆ ಹೋಗಿ ರಂಜಕ ತರುತ್ತದೆ, ಬದಲಿಗೆ ಗಿಡ ಸಕ್ಕರೆ ಕೊಡುತ್ತದೆ. ಸ್ಕಾಟ್ಲೆಂಡಿನಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಳೆಯ ಸಸ್ಯ ಪಳೆಯುಳಿಕೆಗಳ ಒಳಗೂ ಈ ಎಳೆಗಳಿವೆ. ಗಿಡಗಳು ನೆಲಕ್ಕೆ ಬಂದ ಹೊಸತರಲ್ಲೇ ಈ ಒಪ್ಪಂದ ಆಗಿಹೋಗಿತ್ತು ಅಂತಾಯಿತು. (ಕಾಡಿನ ಮರಗಳು ಈ ಎಳೆಗಳ ಮೂಲಕ ಒಂದಕ್ಕೊಂದು ಮಾತಾಡುತ್ತವೆ, ತಾಯಿ ಮರ ಮಕ್ಕಳಿಗೆ ಊಟ ಕಳಿಸುತ್ತದೆ ಅಂತೆಲ್ಲ ಓದಿರುತ್ತೀರಿ. ಅದಕ್ಕೆ ಈಗಿರುವ ಪುರಾವೆ ಆ ಕಥೆಯ ಮಟ್ಟಕ್ಕೆ ಬರುವುದಿಲ್ಲ. ವಿಜ್ಞಾನಿಗಳೇ ಈ ಬಗ್ಗೆ ಜಗಳ ಆಡುತ್ತಿದ್ದಾರೆ.)

ಈಗ ಪೆನಿಸಿಲಿನ್. ಎಲ್ಲರಿಗೂ ಗೊತ್ತಿರುವ ಅರ್ಧ ಕಥೆ ಇಷ್ಟು: 1928ರ ಸೆಪ್ಟೆಂಬರ್, ಲಂಡನ್, ರಜೆ ಮುಗಿಸಿ ಬಂದ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಗಾಜಿನ ತಟ್ಟೆ ನೋಡುತ್ತಾರೆ. ಅದರಲ್ಲಿ ಸ್ಟಫಿಲೋಕಾಕಸ್ ಬ್ಯಾಕ್ಟೀರಿಯಾ ಬೆಳೆಸಿದ್ದರು. ಅಂಚಿನಲ್ಲಿ ಎಲ್ಲಿಂದಲೋ ಬಂದ ಬೂಷ್ಟು ಬೆಳೆದಿದೆ. ಬೂಷ್ಟಿನಿಂದ ದೂರ ಇರುವ ಬ್ಯಾಕ್ಟೀರಿಯಾ ಚುಕ್ಕಿಗಳು ದಪ್ಪಗೆ ಚೆನ್ನಾಗಿವೆ, ಹತ್ತಿರದವು ಕರಗಿ ಗಾಜಿನ ಹಾಗೆ ಆಗಿಬಿಟ್ಟಿವೆ. ಮುಂದಿನ ವರ್ಷ ಅವರು ಇದನ್ನು ಪ್ರಕಟಿಸಿದರು. ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆದರೆ ಬೂಷ್ಟು ಬಿಟ್ಟ ರಸದಿಂದ ಔಷಧಿಯನ್ನು ಬೇರ್ಪಡಿಸಲು ಫ್ಲೆಮಿಂಗ್‌ಗೆ ಆಗಲಿಲ್ಲ, ಹತ್ತು ವರ್ಷ ಅದು ಹೆಚ್ಚುಕಮ್ಮಿ ಮೂಲೆಯಲ್ಲೇ ಕೂತಿತ್ತು.

ನನಗೆ ಜಾಸ್ತಿ ಇಷ್ಟ ಎರಡನೇ ಅರ್ಧ. ಆಕ್ಸ್‌ಫರ್ಡಿನಲ್ಲಿ ಹೊವಾರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್ ಮತ್ತು ನಾರ್ಮನ್ ಹೀಟ್ಲಿ ಅದನ್ನು ಮತ್ತೆ ಕೈಗೆತ್ತಿಕೊಂಡರು. 1940ರ ಮೇ ತಿಂಗಳಲ್ಲಿ ಎಂಟು ಇಲಿಗಳಿಗೆ ಸ್ಟ್ರೆಪ್ಟೋಕಾಕಸ್ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಔಷಧಿ ಸಿಗದ ನಾಲ್ಕೂ ಸತ್ತಿದ್ದವು, ಸಿಕ್ಕ ನಾಲ್ಕೂ ಬದುಕಿದ್ದವು. ಯುದ್ಧದ ಕಾಲ, ಸಾಮಾನು ಸಿಗುತ್ತಿರಲಿಲ್ಲ, ಬೂಷ್ಟು ಬೆಳೆಸಲು ಹೀಟ್ಲಿ ಆಸ್ಪತ್ರೆಯ ಬೆಡ್‌ಪ್ಯಾನ್‌ಗಳನ್ನೂ ಬಳಸಿದರು. 1941ರ ಫೆಬ್ರವರಿಯಲ್ಲಿ ಮೈಯೆಲ್ಲ ಸೋಂಕು ಹಬ್ಬಿ ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಪೊಲೀಸರಿಗೆ ಅದನ್ನು ಚುಚ್ಚಿದರು. ಜ್ವರ ಇಳಿಯಿತು, ಊಟ ಸೇರತೊಡಗಿತು. ಔಷಧಿ ಮಾತ್ರ ಚಿಟಿಕೆಯಷ್ಟೇ ಇತ್ತು. ಅವರ ಮೂತ್ರ ಹಿಡಿದು, ಅದರೊಳಗೆ ಹೊರಬಂದಿದ್ದ ಪೆನಿಸಿಲಿನ್ ಬೇರ್ಪಡಿಸಿ, ಮತ್ತೆ ಅವರಿಗೇ ಕೊಟ್ಟರು. ಅದೂ ಮುಗಿಯಿತು. ಸೋಂಕು ಮರಳಿತು, ಅವರು ತೀರಿಕೊಂಡರು.

ಔಷಧಿ ಕೆಲಸ ಮಾಡುತ್ತದೆ, ಆದರೆ ಸಾಲುವುದಿಲ್ಲ. ಇದೇ ಆಗಿನ ಸಮಸ್ಯೆ. ಉತ್ತರ ಸಿಕ್ಕಿದ್ದು ಅಮೆರಿಕದ ಪಿಯೋರಿಯಾದಲ್ಲಿದ್ದ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ. ಮೆಕ್ಕೆಜೋಳದಿಂದ ಪಿಷ್ಟ ತೆಗೆದಮೇಲೆ ಉಳಿಯುವ ದ್ರವದಲ್ಲಿ ಬೆಳೆಸಿದರೆ ಬೂಷ್ಟು ಜಾಸ್ತಿ ಪೆನಿಸಿಲಿನ್ ಮಾಡುತ್ತದೆ ಅಂತ ಗೊತ್ತಾಯಿತು. ಆಮೇಲೆ ಮಾರುಕಟ್ಟೆಯಲ್ಲಿ ಸಿಕ್ಕ, ಬೂಷ್ಟು ಹಿಡಿದ ಒಂದು ಕರಬೂಜದ ಮೇಲೆ ಫ್ಲೆಮಿಂಗ್‌ನದಕ್ಕಿಂತ ಎಷ್ಟೋ ಪಾಲು ಹೆಚ್ಚು ಔಷಧಿ ಕೊಡುವ ತಳಿ ಸಿಕ್ಕಿತು. ಅದರ ವಂಶವೇ ಆಮೇಲೆ ಕಾರ್ಖಾನೆಗಳ ದೊಡ್ಡ ದೊಡ್ಡ ಟ್ಯಾಂಕುಗಳಿಗೆ ಇಳಿಯಿತು. 1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ ಬಂತು, ಹೀಟ್ಲಿಗೆ ಬರಲಿಲ್ಲ. ಅನ್ಯಾಯ ಅಂತ ನನಗನಿಸುತ್ತದೆ.

ಪೆನಿಸಿಲಿನ್ ನಮಗೆ ಯಾಕೆ ವಿಷ ಅಲ್ಲ? ಬ್ಯಾಕ್ಟೀರಿಯಾ ತನ್ನ ಕೋಶದ ಸುತ್ತ ಗೋಡೆ ಕಟ್ಟುವ ಕೆಲಸವನ್ನು ಅದು ಕೆಡಿಸುತ್ತದೆ. ನಮ್ಮ ಕೋಶಕ್ಕೆ ಗೋಡೆಯೇ ಇಲ್ಲ. ಬಾಣ ಬಂದರೂ ತಾಗುವ ಜಾಗ ಇಲ್ಲ. ಕೆಲವರಿಗೆ ಅಲರ್ಜಿ ಆಗುತ್ತದೆ, ಅದು ಬೇರೆ ವಿಚಾರ.

ಉಳಿದ ಔಷಧಿಗಳ ಹಿಂದೆಯೂ ಇದೇ ಲೆಕ್ಕಾಚಾರ ಇದೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಸಾವಿರಾರು ಶಿಲೀಂಧ್ರಗಳನ್ನು ಒಂದೊಂದಾಗಿ ಜಾಲಾಡಿದರು. ಕೊಲೆಸ್ಟ್ರಾಲ್ ತರಹದ ವಸ್ತು ತಯಾರಾಗುವುದನ್ನೇ ತಡೆದು ಎದುರಾಳಿಯನ್ನು ಕೊಲ್ಲುವ ಶಿಲೀಂಧ್ರ ಎಲ್ಲೋ ಇರಲೇಬೇಕು ಅನ್ನುವುದು ಅವರ ಊಹೆ. ಸಿಕ್ಕಿತು, ಅದೂ ಪೆನಿಸಿಲಿನ್ ಕೊಟ್ಟ ಬೂಷ್ಟಿನ ಹಾಗೆ ಪೆನಿಸಿಲಿಯಂ ಜಾತಿಯದೇ. ಕೊಲೆಸ್ಟ್ರಾಲ್ ಇಳಿಸಲು ಇವತ್ತು ಕೋಟ್ಯಂತರ ಜನ ನುಂಗುವ ಸ್ಟಾಟಿನ್ ಮಾತ್ರೆಗಳ ಮೂಲ ಅದೇ. ಅಂಗಾಂಗ ಕಸಿ ಮಾಡಿದಾಗ ಹೊಸ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್, ನಾರ್ವೆಯ ಒಂದು ಪ್ರಸ್ಥಭೂಮಿಯಿಂದ ತಂದ ಮಣ್ಣಿನಲ್ಲಿದ್ದ ಶಿಲೀಂಧ್ರದ್ದು. ತಂಪು ಪಾನೀಯ, ಜಾಮ್, ಬಟ್ಟೆ ಸೋಪಿನ ಪುಡಿಗಳಿಗೆಲ್ಲ ಹಾಕುವ ಸಿಟ್ರಿಕ್ ಆಮ್ಲ ನಿಂಬೆಹಣ್ಣಿನಿಂದ ಬರುತ್ತದೆ ಅಂದುಕೊಂಡಿದ್ದರೆ, ಇಲ್ಲ. ಆಸ್ಪರ್ಜಿಲಸ್ ನೈಜರ್ ಅದನ್ನು ಧಾರಾಳವಾಗಿ ಮಾಡುತ್ತದೆ ಅಂತ 1917ರಲ್ಲಿ ಜೇಮ್ಸ್ ಕರೀ ತೋರಿಸಿದ ಮೇಲೆ ನಿಂಬೆ ಹಿಂದೆ ಬಿತ್ತು. ಈರುಳ್ಳಿಯ ಹೊರಸಿಪ್ಪೆ ಸುಲಿದಾಗ ಬೆರಳಿಗೆ ಅಂಟುವ ಕಪ್ಪು ಮಸಿಪುಡಿ ಇದೆಯಲ್ಲ, ಸಾಮಾನ್ಯವಾಗಿ ಅದು ಇದೇ ಶಿಲೀಂಧ್ರ.

ಯೀಸ್ಟ್ ಬಗ್ಗೆ ಎಲ್ಲರಿಗೂ ಗೊತ್ತು. ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ಆಲ್ಕೋಹಾಲ್ ಬಿಡುತ್ತದೆ, ಒಂದರಿಂದ ಬ್ರೆಡ್ ಉಬ್ಬುತ್ತದೆ, ಇನ್ನೊಂದರಿಂದ ಮದ್ಯ. ಆಲ್ಕೋಹಾಲ್ ಕೂಡ ಎದುರಾಳಿ ಸೂಕ್ಷ್ಮಜೀವಿಗಳನ್ನು ದೂರ ಇಡುವ ಆಯುಧವೇ. ಯೀಸ್ಟ್ ಅದನ್ನು ಬೇರೆಯವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ಜಾಗ ಖಾಲಿಯಾದ ಮೇಲೆ ಅದನ್ನೇ ಆಹಾರವಾಗಿಯೂ ಬಳಸುತ್ತದೆ. ನಮ್ಮ ನಂಟ ಆಗಿರುವುದರಿಂದ ಪ್ರಯೋಗಾಲಯದಲ್ಲೂ ಅದಕ್ಕೆ ಒಳ್ಳೇ ಬೇಡಿಕೆ. ನ್ಯೂಕ್ಲಿಯಸ್ ಇರುವ ಜೀವಿಗಳಲ್ಲಿ ಪೂರ್ತಿ ಜೀನೋಮ್ ಮೊದಲು ಓದಿದ್ದು ಯೀಸ್ಟ್‌ನದ್ದೇ, 1996ರಲ್ಲಿ. ಹೆಪಟೈಟಿಸ್ ಬಿ ಲಸಿಕೆಯನ್ನು ತಯಾರಿಸುವುದೂ ಯೀಸ್ಟ್‌ನೊಳಗೆ.

ಮದ್ದು, ವಿಷ ಎರಡೂ ಒಂದೇ ಕಡೆ ಇರುವುದನ್ನು ನೋಡಬೇಕಾದರೆ ಅರ್ಗಟ್ ಅನ್ನುವ ಶಿಲೀಂಧ್ರ ನೋಡಿ. ರೈ ಎಂಬ ಧಾನ್ಯದ ತೆನೆಯಲ್ಲಿ ಕಾಳು ಇರಬೇಕಾದ ಕಡೆ ಕೋಳಿಯ ಕಾಲುಗುರಿನ ಹಾಗೆ ಬಾಗಿದ ಕಪ್ಪು ಕೊಂಬು ಬೆಳೆಯುತ್ತದೆ. ಅದನ್ನು ಹಿಟ್ಟಿನ ಜೊತೆ ಬೀಸಿ ತಿಂದವರಿಗೆ ರಕ್ತನಾಳಗಳು ಬಿಗಿದುಕೊಂಡು ಕೈಕಾಲಿಗೆ ರಕ್ತ ಹೋಗುವುದೇ ನಿಲ್ಲುತ್ತಿತ್ತು. ಮೈಯಲ್ಲಿ ಬೆಂಕಿ ಇಟ್ಟಂಥ ಉರಿ, ಬೆರಳು ಕಪ್ಪಾಗಿ ಉದುರುವುದು, ಕೆಲವರಿಗೆ ಸೆಳವು, ಭ್ರಮೆ. ಮಧ್ಯಯುಗದ ಯುರೋಪಿನಲ್ಲಿ ಇದನ್ನು ಸಂತ ಆಂಥೋನಿಯ ಬೆಂಕಿ ಅಂತ ಕರೆದು, ಪಾಪದ ಫಲ ಅಂದುಕೊಂಡು ಊರಿಗೆ ಊರೇ ನರಳಿತು. ಆದರೆ ಬಿಗಿಯುವ ಆ ಗುಣವನ್ನೇ ಅಳತೆ ಹಾಕಿ ಬಳಸಿದರೆ? ಅರ್ಗಟ್‌ನಿಂದ ಬೇರ್ಪಡಿಸಿದ ಅರ್ಗೊಮೆಟ್ರಿನ್ ಹೆರಿಗೆಯ ನಂತರ ಗರ್ಭಕೋಶವನ್ನು ಬಿಗಿಸಿ ರಕ್ತಸ್ರಾವ ನಿಲ್ಲಿಸುತ್ತದೆ. ಅದೆಷ್ಟೋ ತಾಯಂದಿರು ಇದರಿಂದ ಬದುಕಿದ್ದಾರೆ. ಅರ್ಗಟ್ ಅಣುಗಳ ಮೇಲೆ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿದ್ದು ಭ್ರಮೆ ಹುಟ್ಟಿಸುವ ಮಾದಕವಸ್ತು ಎಲ್‌ಎಸ್‌ಡಿ.

ಔಷಧಿಯ ಮುಖವೇ ಇಲ್ಲದ, ಬರೀ ವಿಷವೇ ಆದದ್ದೂ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ತಿಳಿಯದೆ "ಟರ್ಕಿ ಎಕ್ಸ್ ರೋಗ" ಅಂದರು. ಕೊನೆಗೆ ಸಿಕ್ಕಿಬಿದ್ದದ್ದು ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿ, ಅದರ ಮೇಲೆ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್, ಅದು ಬಿಟ್ಟ ಅಫ್ಲಾಟಾಕ್ಸಿನ್. ಇದು ಒಮ್ಮೆಲೇ ಜಾಸ್ತಿ ಹೊಟ್ಟೆಗೆ ಹೋದರೆ ಯಕೃತ್ತು ಕೆಡುತ್ತದೆ. 2004ರಲ್ಲಿ ಕೆನ್ಯಾದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 125 ಜನ ಸತ್ತರು. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೋದರೆ ಯಕೃತ್ತಿನ ಕ್ಯಾನ್ಸರ್, ಹೆಪಟೈಟಿಸ್ ಬಿ ಇದ್ದವರಿಗಂತೂ ಅಪಾಯ ಹಲವು ಪಟ್ಟು. ತಮಾಷೆ ಏನೆಂದರೆ ವಿಷವನ್ನು ಅಪಾಯಕಾರಿ ಮಾಡುವುದು ನಮ್ಮ ಯಕೃತ್ತೇ. ಹೊರಗೆ ಹಾಕಲು ಅದನ್ನು ಬದಲಾಯಿಸಲು ಹೋಗಿ, ಡಿಎನ್‌ಎಗೆ ಅಂಟಿಕೊಳ್ಳುವ ರೂಪಕ್ಕೆ ತಂದುಬಿಡುತ್ತದೆ. ಬೇಯಿಸಿದರೆ, ಹುರಿದರೆ ಶಿಲೀಂಧ್ರ ಸಾಯುತ್ತದೆ, ವಿಷ ಬಹುಪಾಲು ಹಾಗೇ ಉಳಿಯುತ್ತದೆ. ಹಾಗಾಗಿ ಕಟಾವಾದ ಕೂಡಲೇ ಕಾಳನ್ನು ಚೆನ್ನಾಗಿ ಒಣಗಿಸಿ, ತೇವ ತಾಗದಂತೆ ಇಡುವುದೇ ಇಲ್ಲಿ ನಿಜವಾದ ಉಪಾಯ.

ಬ್ರೆಡ್ ಮೇಲೆ ಬೂಷ್ಟು ಬಂದರೆ ಅಷ್ಟು ಭಾಗ ಕಿತ್ತು ಉಳಿದದ್ದು ತಿನ್ನಬಹುದಾ ಅಂತ ಕೇಳುವವರಿಗೂ ಇಲ್ಲೇ ಉತ್ತರ ಇದೆ. ಬೇಡ. ಹಸಿರಾಗಿ ಕಾಣುವುದು ಬೀಜಕಗಳು ಮಾತ್ರ, ಎಳೆಗಳು ಅದಕ್ಕಿಂತ ಮೊದಲೇ ಒಳಗೆ ಹೋಗಿರುತ್ತವೆ. ಮೆತ್ತಗಿನ, ನೀರಿನಂಶ ಜಾಸ್ತಿ ಇರುವ ಆಹಾರವನ್ನು ಪೂರ್ತಿ ಬಿಸಾಡಿ. ಗಟ್ಟಿ ಚೀಸ್, ಕ್ಯಾರೆಟ್ ಅಂಥದ್ದರಲ್ಲಿ ಎಳೆ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ, ಸುತ್ತ ಎರಡೂವರೆ ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೆ ಸಾಕು. ಮತ್ತೆ ದಯವಿಟ್ಟು ಮೂಗಿಗೆ ಹಿಡಿದು ವಾಸನೆ ನೋಡಬೇಡಿ.

ಕಾಡು ಅಣಬೆ ಬಗ್ಗೆ ಒಂದೇ ಮಾತು. ಡೆತ್ ಕ್ಯಾಪ್ ಅನ್ನುವ ಅಣಬೆ ತಿಂದವರಿಗೆ ಸಾಮಾನ್ಯವಾಗಿ ಆರು ಗಂಟೆ ಕಳೆಯುವವರೆಗೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ, ಅದಾದ ಮೇಲೆ ವಾಸಿಯಾದ ಹಾಗೆ ಒಂದು ದಿನ, ಅಷ್ಟರೊಳಗೆ ಯಕೃತ್ತು ಸಾಯುತ್ತಿರುತ್ತದೆ. ಕುದಿಸಿದರೂ ವಿಷ ಹೋಗುವುದಿಲ್ಲ, ತಿನ್ನಲು ರುಚಿಯೂ ಚೆನ್ನಾಗಿಯೇ ಇರುತ್ತದಂತೆ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅನ್ನುವುದೆಲ್ಲ ಸುಮ್ನೆ ಮಾತು.

ಬೆಳೆಗಳಿಗೆ ಆಗುವ ಹಾನಿಯ ಪಟ್ಟಿ ಉದ್ದ ಇದೆ. 1869ರಲ್ಲಿ ಸಿಲೋನಿಗೆ ಬಂದ ತುಕ್ಕು ರೋಗ ಅಲ್ಲಿನ ಕಾಫಿ ತೋಟಗಳನ್ನು ಮುಗಿಸಿತು, ಆ ಜಾಗಕ್ಕೆ ಟೀ ಬಂತು. ಫ್ಯುಸೇರಿಯಂ ಒಂದು ಕಾಲದಲ್ಲಿ ಜಗತ್ತೆಲ್ಲ ವ್ಯಾಪಾರವಾಗುತ್ತಿದ್ದ ಗ್ರೋ ಮಿಷೆಲ್ ಬಾಳೆಯನ್ನು ತೋಟಗಳಿಂದ ಓಡಿಸಿತು, ಈಗ ಅದರ ಹೊಸ ತಳಿ ಕ್ಯಾವೆಂಡಿಷ್ ಬಾಳೆಯ ಹಿಂದೆ ಬಿದ್ದಿದೆ. ಒಂದೇ ತಳಿ ಸಾವಿರಾರು ಎಕರೆ ಹಾಕಿದರೆ ಶಿಲೀಂಧ್ರಕ್ಕೆ ಕೀಲಿ ಒಂದೇ ಸಾಕಾಗುತ್ತದೆ. ಅಂದಹಾಗೆ ಐರ್ಲೆಂಡಿನ ಆಲೂಗಡ್ಡೆ ಬರಗಾಲವನ್ನು ಎಲ್ಲರೂ ಶಿಲೀಂಧ್ರದ ತಲೆಗೆ ಕಟ್ಟುತ್ತಾರೆ. ಅದು ಶಿಲೀಂಧ್ರ ಮಾಡಿದ್ದಲ್ಲ. ಅದಕ್ಕೆ ಕಾರಣವಾದ ಫೈಟೋಫ್ತೋರಾ ನೋಡಲು ಶಿಲೀಂಧ್ರದ ಹಾಗೇ ಕಂಡರೂ ಕಂದು ಪಾಚಿಗಳ ಕಡೆಯ ನಂಟ.

ಇನ್ನು ನಮ್ಮ ಮೈ. ಉಸಿರಾಡುವಾಗ ದಿನಾ ನೂರಾರು ಬೀಜಕಗಳು ಒಳಗೆ ಹೋಗುತ್ತವೆ. ಆದ್ರೂ ಬಹುತೇಕ ಜನರಿಗೆ ಏನೂ ಆಗುವುದಿಲ್ಲ. ಒಂದು ಕಾರಣ ರೋಗನಿರೋಧಕ ಶಕ್ತಿ, ಇನ್ನೊಂದು ಕಾರಣ ಮೈ ಬಿಸಿ. ಹೆಚ್ಚಿನ ಶಿಲೀಂಧ್ರಗಳಿಗೆ 37 ಡಿಗ್ರಿ ಸೆಲ್ಸಿಯಸ್ ಬಿಸಿ ತಡೆದುಕೊಳ್ಳಲು ಆಗುವುದಿಲ್ಲ. 30ರಿಂದ 40 ಡಿಗ್ರಿಯ ನಡುವೆ ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು ಶೇ. 6ರಷ್ಟು ತಳಿಗಳು ಬೆಳೆಯಲಾರದೆ ಕೈಬಿಡುತ್ತವೆ ಅಂತ ಆರ್ಟುರೊ ಕಸಡೆವಾಲ್ ಮತ್ತು ಜೊತೆಗಾರರು ಲೆಕ್ಕ ಹಾಕಿದ್ದಾರೆ. ಈ ಬಿಸಿ ಇಲ್ಲದವರ ಗತಿ ನೋಡಿ. ತಣ್ಣನೆ ಮೈಯ ಕಪ್ಪೆಗಳಲ್ಲಿ ಒಂದು ಚರ್ಮದ ಶಿಲೀಂಧ್ರ ಸುಮಾರು 90 ಜಾತಿಗಳನ್ನೇ ಇಲ್ಲವಾಗಿಸಿರಬಹುದು ಅನ್ನುತ್ತಾರೆ. ಬಾವಲಿಗಳು ಬಿಸಿ ಮೈಯವೇ, ಆದರೆ ಚಳಿಗಾಲದ ದೀರ್ಘ ನಿದ್ದೆಯಲ್ಲಿ ಮೈ ತಣ್ಣಗಾಗುತ್ತದೆ, ಉತ್ತರ ಅಮೆರಿಕದಲ್ಲಿ 2006ರಿಂದ ಲಕ್ಷಗಟ್ಟಲೆ ಬಾವಲಿಗಳನ್ನು ಕೊಂದ ಬಿಳಿ ಮೂಗಿನ ರೋಗ ಸರಿಯಾಗಿ ಆ ಹೊತ್ತಿಗೇ ಹಿಡಿಯುತ್ತದೆ.

ಈ ಎರಡು ಕಾವಲು ಸಡಿಲವಾದರೆ ನಾವೂ ಆಹಾರವೇ. 2021ರಲ್ಲಿ ಕೋವಿಡ್ ಜೊತೆ ಭಾರತದಲ್ಲಿ ಹಬ್ಬಿದ "ಬ್ಲ್ಯಾಕ್ ಫಂಗಸ್" ಹಿಡಿದದ್ದು ಹೆಚ್ಚಾಗಿ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು, ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಂಡವರನ್ನು. ಆ ಶಿಲೀಂಧ್ರ ಕಪ್ಪಲ್ಲ, ಅದು ರಕ್ತನಾಳಗಳೊಳಗೆ ನುಗ್ಗಿ ರಕ್ತ ಕಟ್ಟಿದಾಗ ಸತ್ತ ಮಾಂಸ ಕಪ್ಪಾಗುತ್ತದೆ. ಅರ್ಗಟ್‌ನ ಹಾಗೆ ಊಟದಿಂದ ಬಂದದ್ದಲ್ಲ, ಅದರ ಬೀಜಕ ಮಣ್ಣಲ್ಲಿ, ಗಾಳಿಯಲ್ಲಿ ಯಾವಾಗಲೂ ಇರುವಂಥದ್ದು.

ಮೊದಲು ಹೇಳಿದ ತಲೆನೋವು ಈಗ. ಬ್ಯಾಕ್ಟೀರಿಯಾ ನಮಗಿಂತ ಬಹಳ ಬೇರೆ, ಹೊಡೆಯಲು ಜಾಗ ಬೇಕಾದಷ್ಟು ಸಿಗುತ್ತವೆ. ಶಿಲೀಂಧ್ರ ನಂಟ, ಅದನ್ನು ಕೊಲ್ಲುವ ವಿಷ ನಮಗೂ ತಾಗುತ್ತದೆ. ವ್ಯತ್ಯಾಸ ಸಿಕ್ಕಿರುವುದು ಒಂದೆರಡು ಕಡೆ. ಅದರ ಕೋಶದ ಪೊರೆಯಲ್ಲಿ ಕೊಲೆಸ್ಟ್ರಾಲ್ ಬದಲು ಎರ್ಗೊಸ್ಟೆರಾಲ್ ಇದೆ, ಸುತ್ತ ಗೋಡೆ ಇದೆ. ಇರುವ ಔಷಧಿಗಳಲ್ಲಿ ಮುಖ್ಯವಾದವೆಲ್ಲ ಈ ಎರಡರ ಸುತ್ತಲೇ ತಿರುಗುತ್ತವೆ, ಬೆರಳೆಣಿಕೆಯ ಗುಂಪುಗಳು. ಮನುಷ್ಯರಿಗೆ ಶಿಲೀಂಧ್ರದ ವಿರುದ್ಧ ಬಳಕೆಗೆ ಬಂದ ಲಸಿಕೆ ಇನ್ನೂ ಇಲ್ಲ. ಜೊತೆಗೆ ಹೊಲಕ್ಕೆ ಸಿಂಪಡಿಸುವ ಕೆಲವು ಶಿಲೀಂಧ್ರನಾಶಕಗಳು ಆಸ್ಪತ್ರೆಯ ಅಜೋಲ್ ಔಷಧಿಗಳ ಗುಂಪಿನವೇ, ಹಾಗಾಗಿ ಹೊಲದಲ್ಲಿ ಅದಕ್ಕೆ ಒಗ್ಗಿದ ಆಸ್ಪರ್ಜಿಲಸ್ ರೋಗಿಯ ಶ್ವಾಸಕೋಶಕ್ಕೆ ಬರುವಾಗಲೇ ಪಳಗಿರುತ್ತದೆ. 2009ರಲ್ಲಿ ಜಪಾನಿನಲ್ಲಿ ಒಬ್ಬರ ಕಿವಿಯಲ್ಲಿ ಮೊದಲು ಗುರುತಿಸಿದ ಕ್ಯಾಂಡಿಡಾ ಆರಿಸ್ ಹಲವು ಔಷಧಿಗಳಿಗೆ ಬಗ್ಗುವುದಿಲ್ಲ, ಆಸ್ಪತ್ರೆಯ ಮಂಚ, ಸಲಕರಣೆಗಳ ಮೇಲೆ ವಾರಗಟ್ಟಲೆ ಬದುಕಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ 19 ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಹೊರಡಿಸಿದಾಗ ಅತಿ ಗಂಭೀರ ಗುಂಪಿನಲ್ಲಿ ಇದೂ ಇತ್ತು.

ಅಷ್ಟು ದೂರ ಹೋಗದೆ ದಿನನಿತ್ಯದ್ದನ್ನೇ ತೆಗೆದುಕೊಳ್ಳಿ. ಹುಳುಕಡ್ಡಿ. ಹೆಸರಲ್ಲಿ ಹುಳ ಇದ್ದರೂ ಇದು ಚರ್ಮದ ಮೇಲ್ಪದರದ ಕೆರಾಟಿನ್ ತಿನ್ನುವ ಶಿಲೀಂಧ್ರ. ನಡುವಿನ ಊಟ ಮುಗಿಸಿ ಹೊರಗೆ ಹೊರಗೆ ಹೋಗುತ್ತದೆ, ಅದಕ್ಕೇ ಉಂಗುರ. ತುರಿಕೆ ತಾಳಲಾರದೆ ಜನ ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಕ್ರೀಮ್ ತಂದು ಹಚ್ಚುತ್ತಾರೆ. ಎರಡು ದಿನದಲ್ಲಿ ಕೆಂಪು, ತುರಿಕೆ ಮಾಯ. ಆದರೆ ಕೆಂಪು, ತುರಿಕೆ ಇದ್ದದ್ದು ದೇಹ ಹೋರಾಡುತ್ತಿದ್ದುದರಿಂದ. ಸ್ಟೀರಾಯ್ಡ್ ಆ ಹೋರಾಟ ನಿಲ್ಲಿಸುತ್ತದೆ, ಶಿಲೀಂಧ್ರ ನೆಮ್ಮದಿಯಾಗಿ ಹರಡುತ್ತದೆ, ಉಂಗುರದ ಆಕಾರವೂ ಅಳಿಸಿಹೋಗಿ ಆಮೇಲೆ ವೈದ್ಯರಿಗೇ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೀಟಾಮೆಥಾಸೋನ್ ಅಂತ ಇದ್ದರೆ ನೀವಾಗಿಯೇ ಹಚ್ಚಬೇಡಿ. ಸರಿಯಾದ ಔಷಧಿ ಸಿಕ್ಕಮೇಲೂ, ತುರಿಕೆ ನಿಂತ ದಿನವೇ ಬಿಡದೆ, ವೈದ್ಯರು ಹೇಳಿದಷ್ಟು ವಾರ ಹಚ್ಚಿ.